ಎತ್ತು ವರ್ಗದ ನೌಕರ

ನಮ್ಮ ಕಂಪನಿಯಲ್ಲಿ ವಾರಕ್ಕೆ ಎರಡು ದಿನ ರಜೆ ಉಂಟು. ಎರಡು ಸಾವಿರದ ಇಸವಿಯಾದರೂ ಆ ಎರಡು ದಿನಗಳು ಹೈದರಾಬಾದಿಗೆ ಬಂದಿರಲಿಲ್ಲ, ಅಷ್ಟೇ.

ಅಮೆರಿಕದ ವೈದ್ಯರು ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ್ದನ್ನು ನಾರಾಯಣಗೂಡದಲ್ಲಿ ಕೂತು ಕೇಳಿ ಟೈಪು ಮಾಡುವುದು ನಮ್ಮ ಕೆಲಸ. ನಮ್ಮ ಶನಿವಾರ ಬೆಳಿಗ್ಗೆ ಅಲ್ಲಿನ್ನೂ ಶುಕ್ರವಾರ, ಆದ್ದರಿಂದ ರಜೆಯಿಲ್ಲ. ನಮ್ಮ ಭಾನುವಾರ ಶುಕ್ರವಾರದ ಉಳಿದ ಕೆಲಸ ಇರುತ್ತದೆ. ಅಲ್ಲಿ ಭಾನುವಾರ ಸಂಜೆಯಾದಾಗ ಇಲ್ಲಿ ಸೋಮವಾರ ಬೆಳಗಾಗಿರುತ್ತದೆ. ಸೋಮವಾರ ರಜೆ ಕೇಳುವವನಿಗೆ ನಾಚಿಕೆ ಇರಬೇಕು ಎಂಬುದು ನೌಕರರ ಕೈಪಿಡಿಯ ಒಂಬತ್ತನೇ ನಿಯಮ.

ಚಿಂಚೋಳಿ ಕಡೆಯ ಲಿಂಗಣ್ಣನಿಗೆ ನಾಚಿಕೆ ಇರಲಿಲ್ಲ. ರಜೆ ಸಿಗದೆ ಅವನ ನಿಶ್ಚಿತಾರ್ಥ ಎರಡು ಸಲ ಮುಂದೆ ಹೋಗಿತ್ತು. ಬರುವ ಸೋಮವಾರವೂ ಬರದಿದ್ದರೆ ಮಗಳು ಗುರುದೇವಿಯನ್ನು ಬೇರೆ ಕಡೆ ಕೊಡುವುದಾಗಿ ಶಿವಶರಣಪ್ಪನವರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಹುಡುಗನಿಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಮ್ಯಾನೇಜರ್ ಪದ್ಮನಾಭರ ಮುಂದೆ ಹೋಗಿ ನಿಂತ.

"ಸರ್, ನಮ್ಮ ಕಡಿ ಸೋಮವಾರ ಎತ್ತಿಗೂ ನೊಗ ಹಚ್ಚಂಗಿಲ್ರಿ. ಬಸವಣ್ಣನ ವಾರ ಅಂತ ಬಿಡ್ತಾರ್ರಿ."

ಪದ್ಮನಾಭರು ರಾಯಚೂರಿನವರು. "ನಮ್ಮೂರಾಗೂ ಹಂಗೇ ಐತಿ," ಎಂದು ಒಪ್ಪಿದರು. "ಆದ್ರ ಅದು ಎತ್ತಿಗೆ. ನೀವು ಎತ್ತು ಅಂತ ನಮ್ಮ ದಾಖಲೆದಾಗ ಎಲ್ಲೈತಿ?"

"ಹಂಗಾದ್ರ ಬರಕೊಳ್ರಿ ಸರ್."

ಕಂಪನಿ ಈ ವಿಷಯದಲ್ಲಿ ತಡಮಾಡಲಿಲ್ಲ ಎಂಬುದನ್ನು ಮೆಚ್ಚಲೇಬೇಕು. ಪಶುವೈದ್ಯರನ್ನು ಕರೆಸಲಾಯಿತು. ಅವರು ಲಿಂಗಣ್ಣನ ಹಲ್ಲು ನೋಡಿ, ಬೆನ್ನು ತಟ್ಟಿ, "ದುಡಿಮೆಗೆ ಯೋಗ್ಯ, ಹಾಯುವ ಸ್ವಭಾವವಿಲ್ಲ" ಎಂದು ಬರೆದುಕೊಟ್ಟರು. ಶುಕ್ರವಾರ ಸುತ್ತೋಲೆ ಹೊರಟಿತು:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಎತ್ತು ವರ್ಗದ ನೌಕರರಿಗೆ ಸೋಮವಾರದ ರಜೆ ಮಂಜೂರಾಗಿದೆ. ಸದರಿಯವರು ಕುರ್ಚಿ ಬಳಸತಕ್ಕದ್ದಲ್ಲ. ಕೆಲಸದ ವೇಳೆ ಬಾಯಾಡಿಸದಂತೆ ಬಾಯಿಗೆ ಕುಕ್ಕೆ ಧರಿಸತಕ್ಕದ್ದು."

ಸಂಜೆಯೊಳಗೆ ಮೂವತ್ತಾರು ಅರ್ಜಿ ಬಂದವು. ಎರಡು ಪದವಿ ಪಡೆದವರೂ ಪಶುವೈದ್ಯರ ಮುಂದೆ ಬಾಯಿ ತೆರೆದು ಸಾಲಾಗಿ ನಿಂತರು. ನಮ್ಮ ಜೊತೆ ಟೈಪು ಮಾಡುವ ಗುಣವತಿಯೂ ಅರ್ಜಿ ಕೊಟ್ಟಳು. ಆಕಳನ್ನು ದಿನಕ್ಕೆರಡು ಹೊತ್ತು ಹಿಂಡಲೇಬೇಕಾದ್ದರಿಂದ ವಾರದ ಬಿಡುವು ಅನ್ವಯಿಸುವುದಿಲ್ಲ ಎಂಬ ಷರಾದೊಂದಿಗೆ ಅದು ವಾಪಸಾಯಿತು. ಹೆಂಗಸರ ಸಾಲು ಮತ್ತೆ ಟೈಪಿಗೆ ಕೂತಿತು. ನನಗೆ ಕೆಟ್ಟೆನಿಸಿತು, ಆದರೆ ನನ್ನ ಅರ್ಜಿ ಇನ್ನೂ ಪರಿಶೀಲನೆಯಲ್ಲಿತ್ತು, ಸುಮ್ಮನಿದ್ದೆ.

ಸೋಮವಾರ ಲಿಂಗಣ್ಣ ಹೆಣ್ಣಿನ ಮನೆ ತಲುಪಿದ. ಹಿರಿಯರು ನೌಕರಿಯ ಪುರಾವೆ ಕೇಳಿದರು. ಅವನು ಹೊಸ ಗುರುತಿನ ಚೀಟಿ ಕೊಟ್ಟ. ಶಿವಶರಣಪ್ಪನವರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು: "ಲಿಂಗಣ್ಣ. ಎತ್ತು. ಕಾಯಂ."

ಕನ್ನಡಕ ತೆಗೆದು ಹುಡುಗನ ಕಡೆ ನೋಡಿದರು.

"ಸೋಮವಾರ ಖಾತ್ರಿ ಬಿಡ್ತಾರೇನಪಾ?"

"ಖಾತ್ರಿ ಬಿಡ್ತಾರ್ರಿ, ಮಾವಾರ."

"ಮತ್ತೇನು ಬೇಕು!" ಶಿವಶರಣಪ್ಪನವರು ಬೀಗರ ಕಡೆ ತಿರುಗಿದರು. "ನಮ್ಮ ದೊಡ್ಡ ಅಳಿಯ ಅದೇ ಹೈದರಾಬಾದಿನಾಗ ಮನುಷ್ಯಾ ಅಂತ ಕೆಲಸಕ್ಕಿದ್ದಾನ. ಮೂರು ವರ್ಷ ಆತು, ಅವನ ಮಾರಿ ನೋಡಿಲ್ಲ."

ಗುರುದೇವಿಯನ್ನು ಕರೆತಂದು ಕೂರಿಸಿದರು.