ಮಾವನ ಟಯರಿನಲ್ಲಿ ಸಾರಜನಕ

ಜನ ಹೆಂಡತಿಯ ಮೇಲೆ ಮುನಿಸಿಕೊಳ್ಳುತ್ತಾರೆ, ಬೀಗರ ಮೇಲೆ ಮುನಿಸಿಕೊಳ್ಳುತ್ತಾರೆ, ತೀರ ಯಾರೂ ಸಿಗದಿದ್ದರೆ ಸರಕಾರದ ಮೇಲೆ ಮುನಿಸಿಕೊಳ್ಳುತ್ತಾರೆ. ನನ್ನ ಸೋದರಮಾವ ಗಾಳಿಯ ಮೇಲೆ ಮುನಿಸಿಕೊಂಡಿದ್ದರು. ಉಸಿರಾಡುವ ಗಾಳಿಯ ಮೇಲಲ್ಲ, ಅಷ್ಟು ಬುದ್ಧಿಗೇಡಿಯಲ್ಲ ಅವರು. ಟಯರಿನೊಳಗಿನ ಗಾಳಿಯ ಮೇಲೆ.

ಕಾರಣವಿತ್ತು. ಅತ್ತೆ ಒಮ್ಮೆ ಸಿರಸಂಗಿ ಕಾಳವ್ವನಿಗೆ ಉಡಿ ತುಂಬಿ ಬಾಡಿಗೆ ಜೀಪಿನಲ್ಲಿ ಬರುವಾಗ ಟಯರು ಢಂ ಎಂದು ಒಡೆದು, ಜೀಪು ಯಾರದೋ ಜೋಳದ ಹೊಲ ಹೊಕ್ಕು ನಿಂತಿತ್ತು. ಯಾರಿಗೂ ಒಂದು ಗೀರೂ ಬೀಳಲಿಲ್ಲ. ಆದರೆ ಅಂದಿನಿಂದ ಅತ್ತೆ ಗಾಲಿಯಿರುವ ಯಾವುದನ್ನೂ ಹತ್ತಲಿಲ್ಲ. ಬಸ್ಸಿನಲ್ಲಾದರೂ ಹೋಗಬಹುದಲ್ಲ ಎಂದರೆ, "ಬಸ್ಸಿಗೇನ ಕಾಲ ಅದಾವೇನು?" ಎಂದು ನಮ್ಮನ್ನೇ ಕೇಳುತ್ತಿದ್ದಳು. ಬೈಲಹೊಂಗಲದ ಪೇಟೆ, ಗುಡಿ, ಮದುವೆ ಮನೆ ಎಲ್ಲಕ್ಕೂ ನಡಿಗೆಯೇ. ರಾಮದುರ್ಗಕ್ಕೆ ಮಾತ್ರ ನಡೆದು ಹೋಗಲು ಆಗುವುದಿಲ್ಲವಲ್ಲ. ಅಲ್ಲಿ ಅವಳ ಅಕ್ಕ ಇದ್ದಳು, ತಾಯಿಯಿಲ್ಲದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮೊಣಕಾಲು ನೋವಿನಿಂದ ಅವಳು ಹೊಸ್ತಿಲು ದಾಟುತ್ತಿರಲಿಲ್ಲ. ಕಣ್ಣು ಬೇರೆ ವರ್ಷದಿಂದ ವರ್ಷಕ್ಕೆ ಮಂಜಾಗುತ್ತಿತ್ತು, ಡಾಕ್ಟರೂ ಕೈಚೆಲ್ಲಿದ್ದರು. "ಪೂರಾ ಕತ್ತಲಾಗೂದ್ರಾಗ ಒಮ್ಮಿ ಬಂದು ಮಾರಿ ತೋರಿಸಿ ಹೋಗು" ಎಂದು ಆ ಕಡೆಯಿಂದ ಬರುವವರ ಕೈಯಲ್ಲೆಲ್ಲ ಹೇಳಿ ಕಳಿಸುತ್ತಿದ್ದಳು. ಕೇಳಿಸಿಕೊಂಡ ಅತ್ತೆ ಅಡುಗೆಮನೆಗೆ ಹೋಗಿ ಅಳುತ್ತಿದ್ದಳು.

ಹೀಗಿರುವಾಗ ಮಾವ ಒಂದು ರವಿವಾರದ ಪುರವಣಿಯಲ್ಲಿ ಓದಿದರು: ರೇಸಿನ ಕಾರುಗಳ ಟಯರಿಗೆ ಗಾಳಿ ಹಾಕುವುದಿಲ್ಲ, ಸಾರಜನಕ ಹಾಕುತ್ತಾರೆ. ಅದು ಒಣಗಿದ ಅನಿಲ, ಅದರಲ್ಲಿ ನೀರಿನ ಪಸೆಯಿಲ್ಲ, ಟಯರು ಕಾದರೂ ಒತ್ತಡ ಅಡ್ಡಾದಿಡ್ಡಿ ಏರುವುದಿಲ್ಲ. ಮಾವನದು ಗೊಬ್ಬರದ ಅಂಗಡಿ. ಜೀವಮಾನವೆಲ್ಲ ಸಾರಜನಕವನ್ನು ಚೀಲದಲ್ಲಿ ಮಾರಿದವರಿಗೆ ಅದು ಟಯರಿಗೂ ಆಗುತ್ತದೆಂದು ತಿಳಿದರೆ ಎಷ್ಟು ಹಿಗ್ಗಾಗಬೇಡ? ಪುರವಣಿ ಹಿಡಿದುಕೊಂಡು ನೇರ ನಮ್ಮ ಮನೆಗೆ ಬಂದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಸುಮ್ಮನಿರಬಹುದಿತ್ತು. ಇರಲಿಲ್ಲ.

"ಮಾಮಾ, ನಮ್ಮ ಗಾಳ್ಯಾಗೂ ಮುಕ್ಕಾಲು ಪಾಲು ಸಾರಜನಕನ ಐತಿ" ಎಂದೆ.

"ಹಾಲಿನಾಗೂ ಮುಕ್ಕಾಲು ಪಾಲು ನೀರ ಐತಿ. ನಾಳಿಂದ ನಿನ್ನ ಚಾಕ್ಕ ಬರೇ ನೀರ ಹಾಕಂತ ಹೇಳ್ಲೇನು?"

ಪುರವಣಿ ಮಡಚಿ ಕಂಕುಳಲ್ಲಿಟ್ಟುಕೊಂಡು ಮಾವ ಎದ್ದರು.

ಸುದ್ದಿ ಊರಿಗೆ ಹಬ್ಬಿತು. ನಮ್ಮ ಕಡೆ ರೈತರಿಗೆ ಸಾರಜನಕ ಅಂದರೆ ಯೂರಿಯಾ. ಎಂ.ಕೆ. ಹುಬ್ಬಳ್ಳಿ ಫ್ಯಾಕ್ಟರಿಗೆ ಕಬ್ಬು ಸಾಗಿಸುವ ಒಬ್ಬ ಗಿರಾಕಿ ಅಂಗಡಿಗೆ ಬಂದು ಕುಂತು, ಭಾಳ ಗಂಭೀರವಾಗಿ ಕೇಳಿದ: "ಸಾವ್ಕಾರ್ರ, ಟಯರಿಗೆ ಯೂರಿಯಾ ಹಾಕಾವ್ರದೀರಂತ. ಒಣಾದ ಹಾಕೂದೋ, ನೀರಾಗ ಕಲಿಸಿ ಹಾಕೂದೋ? ನನ್ನ ಟ್ರೇಲರಿಗೂ ಹಾಕಿ ನೋಡಬೇಕಂತೇನಿ." ಮಾವ ಅವನಿಗೆ ಅನಿಲ ಬೇರೆ, ಕಾಳು ಬೇರೆ ಎಂದು ಬಿಡಿಸಿ ಹೇಳಿದರು. ಅವನು ಕೇಳಿ, ತಲೆಯಾಡಿಸಿ, ಯಾವುದಕ್ಕೂ ಇರಲಿ ಎಂದು ಒಂದು ಚೀಲ ಯೂರಿಯಾ ಒಯ್ದ.

ಸಾರಜನಕ ಸಿಗುವುದೆಲ್ಲಿ? ದನದ ದವಾಖಾನೆಯಲ್ಲಿ ಹೋರಿಯ ಬೀಜ, ಅಂದರೆ ವೀರ್ಯ, ಕೆಡದಂತೆ ಇಡುವ ಡಬ್ಬಿಯಲ್ಲಿ ದ್ರವ ಸಾರಜನಕ ಇರುತ್ತದೆಂದು ಮಾವನಿಗೆ ಗೊತ್ತಿತ್ತು. ಒಂದು ಮುಂಜಾನೆ ಎಮ್ಮೆ ಆಕಳುಗಳ ಪಾಳಿಯಲ್ಲಿ ತಮ್ಮ ಹಳೆಯ ಕಾರನ್ನು ನಿಲ್ಲಿಸಿದರು. ಡಾಕ್ಟರು ಹೊರಗೆ ಬಂದು ಕಾರನ್ನೂ ಮಾವನನ್ನೂ ನೋಡಿದರು.

"ಇದು ಭಾಳ ಥಂಡಿ ಇರತೈತ್ರಿ. ಟಯರಿಗೆ ಹಾಕಿದ್ರ ಗಾಜಿನಂಗ ಒಡೀತೈತಿ" ಎಂದರು. "ಮ್ಯಾಲ ಡಬ್ಬ್ಯಾಗ ಹೋರಿ ಬೀಜನೂ ಐತಿ. ನಿಮ್ಮ ಗಾಡಿ ಗಬ್ಬ ಆತಂದ್ರ ನಾ ಜವಾಬ್ದಾರ ಅಲ್ಲ."

ಮಾವ ಮುಂದೆ ಎಷ್ಟೋ ದಿನ ಆ ಓಣಿಯಲ್ಲಿ ಹಾಯಲಿಲ್ಲ. ಕಡೆಗೆ ಹುಬ್ಬಳ್ಳಿಯ ಒಂದು ಟಯರ್ ಅಂಗಡಿಗೆ ಸಾರಜನಕದ ಮಷೀನು ಬಂತು. ಮಾವ ಹೋಗಿ ನಾಲ್ಕೂ ಟಯರಿಗೆ ತುಂಬಿಸಿ, ಸಾರಜನಕದ ಗುರುತಿನ ಹಸಿರು ಟೋಪಿಯ ವಾಲ್ವುಗಳೊಂದಿಗೆ ಮೆರೆಯುತ್ತ ಬಂದರು. ದಾರಿಯಲ್ಲಿ ಕಿತ್ತೂರಿನಲ್ಲಿ ಚಹಾಕ್ಕೆ ನಿಂತವರು ಹೋಟೆಲಿನ ಒಳಗೆ ಕೂಡಲಿಲ್ಲವಂತೆ. ಯಾರಾದರೂ ಬಂದು ಟೋಪಿ ಬಿಚ್ಚಿ ಬರೇ ಗಾಳಿ ಬೆರೆಸಿಬಿಟ್ಟರೆ? ಚಹಾದ ಕಪ್ಪು-ಬಸಿ ಹಿಡಿದು ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಲೇ ಕುಡಿದರಂತೆ.

ಅತ್ತೆ ಅಂಗಳಕ್ಕೆ ಬಂದು ಒಂದೊಂದೇ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಒಳಗ ಏನೂ ಕಾಣೂದಿಲ್ಲಲ್ರಿ."

"ಗಾಳಿ ಕಾಣತಿತ್ತೇನು?" ಎಂದರು ಮಾವ. "ರೇಸಿನಾವ್ರು ಇದನ್ನ ನಂಬಿ ಜೀವಾ ಒಪ್ಪಸ್ತಾರ. ನಾ ಸಾವಕಾಶ ಹೊಡಿತೇನಿ."

ಅವಳು ಒಂದು ವಾರ ಯೋಚಿಸಿದಳು. ಅಷ್ಟರಲ್ಲಿ ರಾಮದುರ್ಗದಿಂದ ಫೋನು ಬಂತು. ಅಕ್ಕನಿಗೆ ಈಗ ಬಾಗಿಲ ಬೆಳಕಿಗೆ ಬಂದರಷ್ಟೇ ಮುಖ ತಿಳಿಯುತ್ತದೆ ಎಂದರು. ಮರುದಿನ ಅತ್ತೆ ಕಾರು ಹತ್ತಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಂತಳು. ನಾನು ಮುಂದೆ, ಮಾವನ ಪಕ್ಕ. ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ ಹೋದರೂ ಮಾವ ವೇಗ ಹೆಚ್ಚಿಸಲಿಲ್ಲ.

ಯರಗಟ್ಟಿ ಹತ್ತಿರ ಕಾರು ಎಡಕ್ಕೆ ಎಳೆಯತೊಡಗಿತು. ಮಾವ ಒಂದು ಹೋಟೆಲಿನ ಮುಂದೆ ನಿಲ್ಲಿಸಿದರು. "ಚಾ ಕುಡ್ಯೂಣಂತ" ಎಂದು ನಮ್ಮಿಬ್ಬರನ್ನೂ ಹೋಟೆಲಿಗೆ ಅಟ್ಟಿ, ಎದುರಿನ ಪಂಕ್ಚರ್ ಅಂಗಡಿಗೆ ಕಾರು ಒಯ್ದರು. ಟಯರಿಗೆ ಮೊಳೆ ಚುಚ್ಚಿತ್ತು. ಅತ್ತೆ ಬೆಂಚಿನ ಮೇಲಿಂದ ಎಲ್ಲ ನೋಡಿದಳು: ಗಾಲಿ ಬಿಚ್ಚಿದ್ದು, ತೇಪೆ ಹಾಕಿದ್ದು, ಸಾದಾ ಪಂಪಿನಿಂದ ಸಾದಾ ಗಾಳಿ ಹೊಡೆದದ್ದು. ಅತ್ತೆ ಈಗ ಹೊಳ್ಳಿ ಹೋಗೋಣ ಅಂದರೆ ಮುಗಿಯಿತು, ಇನ್ನು ಈ ಜನ್ಮದಲ್ಲಿ ಇವಳು ಹತ್ತುವುದಿಲ್ಲ.

ಮಾವ ಬಂದು ನಟ್ಟು ಬಿಗಿ ಮಾಡಿಸಿದೆ ಅಂದರು. ಆಮೇಲೆ ಆ ಸುಳ್ಳನ್ನು ಅವರಿಂದಲೇ ತಡೆದುಕೊಳ್ಳಲಾಗಲಿಲ್ಲ.

"ಒಂದರಾಗ ಈಗ ಬರೇ ಗಾಳಿ ಐತಿ. ನಿನಗ ಅಂಜಿಕಿ ಬಂದ್ರ ಹೇಳು, ಹೊಳ್ಳಿ ಹೋಗೂಣು. ನಾ ಏನೂ ಅನ್ನೂದಿಲ್ಲ."

"ನೋಡೇನಿ" ಎಂದಳು ಅತ್ತೆ. ಎದ್ದು ಬಂದು ಮುಂದಿನ ಬಾಗಿಲು ತೆಗೆದಳು. "ಏ ತಮ್ಮಾ, ನೀ ಹಿಂದ ಕುಂಡ್ರು. ಇವರ ಕೈ ನಡಗಾಕ ಹತ್ಯಾವ, ನಾ ಮಗ್ಗಲ ಇರತೇನಿ."

ರಾಮದುರ್ಗ ಮುಟ್ಟುವತನಕ ಅವಳು ಕಣ್ಣು ಮುಚ್ಚಲಿಲ್ಲ. ಅಕ್ಕ ಬಾಗಿಲ ಬೆಳಕಿನಲ್ಲಿ ತಂಗಿಯನ್ನು ಕೂಡಿಸಿಕೊಂಡು, ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಮಾವ ಹೊರಗೆ ಕಟ್ಟೆಯ ಮೇಲೆ ಕುಂತು, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

"ಅಲ್ಲ ಹುಚ್ಚಿ" ಎಂದಳು ಅಕ್ಕ, "ನಿನ್ನ ತಲಿ ಯಾವಾಗ ಬೆಳ್ಳಗಾತು?"

ಅತ್ತೆ ಅದು ಚೆನ್ನಾಗಿ ಕಾಣಲೆಂದು ಸೆರಗು ಸರಿಸಿ, ಅಕ್ಕನ ತೊಡೆಯ ಮೇಲೆ ತಲೆ ಇಟ್ಟಳು.