ವರ್ಗ ಆಯ್ತಾ ಸಾರ್?

ಬೀಜಗಣಿತದ ಮೇಷ್ಟ್ರಿಗೆ ನಗು ಬರುವುದಿಲ್ಲ ಅಂತ ಜನ ತಿಳಿದಿದ್ದಾರೆ. ಬರುತ್ತದೆ. ಕ್ಲಾಸಿನಲ್ಲಿ ಹಲ್ಲು ಕಚ್ಚಿ ತಡೆದು, ಸ್ಟಾಫ್ ರೂಮಿಗೆ ಬಂದು ಬಾಗಿಲು ಹಾಕಿಕೊಂಡು ನಗಬೇಕಾಗುತ್ತದೆ, ಅಷ್ಟೆ. ನಾನು ಎಷ್ಟೋ ಊರಲ್ಲಿ ಪಾಠ ಮಾಡಿದ್ದೇನೆ, ಎಲ್ಲ ಕಡೆಯೂ ಏನಾದರೊಂದು ನಡೆಯುತ್ತಲೇ ಇತ್ತು. ಆದರೆ ರಿಪೇರಿ ಕ್ಲಾಸಿನಲ್ಲಿ ನಡೆದಷ್ಟು ಇನ್ನೆಲ್ಲೂ ನಡೆಯಲಿಲ್ಲ.

ಎಪ್ಪತ್ತರ ದಶಕದ ಕೊನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರಕ್ಕೂ ಬಸ್ ಸಿಗುತ್ತಿದ್ದ ಒಂದೂರಿನ ಸರ್ಕಾರಿ ಜೂನಿಯರ್ ಕಾಲೇಜು. ಊರಿನ ಹೆಸರು ಬೇಡ. ಅಲ್ಲಿ ಓದಿದವರೆಲ್ಲ ಈಗ ತಾತಂದಿರಾಗಿದ್ದಾರೆ, ಮೊಮ್ಮಕ್ಕಳೆದುರು ಅವರ ಮಾನ ಉಳಿಯಲಿ. ಪಿಯುಸಿ ಗಣಿತದಲ್ಲಿ ಡುಮ್ಕಿ ಹೊಡೆದವರಿಗೆ, ಹೊಡೆಯುವ ಲಕ್ಷಣ ಇದ್ದವರಿಗೆ, ಬೆಳಿಗ್ಗೆ ಕಾಲೇಜು ಶುರುವಾಗುವ ಮೊದಲು ಬೀಜಗಣಿತವನ್ನು ಬುಡದಿಂದ ಕಲಿಸುವ ತರಗತಿ ಅದು. ನೋಟೀಸ್ ಬೋರ್ಡಿನಲ್ಲಿ ಅದಕ್ಕೆ ಏನೋ ಗಂಭೀರವಾದ ಹೆಸರಿತ್ತು. ಊರವರು ಇಟ್ಟ ಹೆಸರು ರಿಪೇರಿ ಕ್ಲಾಸು. ಪುಸ್ತಕ ಇಂಗ್ಲಿಷಿನದು, ಅವರು ಹೈಸ್ಕೂಲು ಓದಿದ್ದು ಕನ್ನಡದಲ್ಲಿ, ನಾನು ಎರಡರ ನಡುವೆ ಒದ್ದಾಡುತ್ತಿದ್ದೆ. ಕೆಲವರ ಮೀಸೆ ನನ್ನ ಮೀಸೆಗಿಂತ ದಪ್ಪವಾಗಿತ್ತು.

ನನ್ನದೇ ಒಂದು ರಿಪೇರಿ ಬಾಕಿ ಇತ್ತು. ನನ್ನ ಹೆಂಡತಿ ಬೀದರ್ ಜಿಲ್ಲೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಟೀಚರು. ಮದುವೆಯಾದ ವರ್ಷವೇ ಅವಳಿಗೆ ಅಲ್ಲಿ ಕೆಲಸ ಸಿಕ್ಕಿತು. ದಸರೆಗೆ, ಬೇಸಿಗೆ ರಜಕ್ಕೆ ಸಂಸಾರ. ಮಿಕ್ಕ ದಿನವೆಲ್ಲ ಒಬ್ಬನೇ ಅನ್ನ ಬೇಯಿಸಿಕೊಂಡು, ಒಬ್ಬನೇ ತಿಂದು, ತಟ್ಟೆ ತೊಳೆದು ಬೋರಲು ಹಾಕುವಾಗ ಅವಳ ನೆನಪಾಗುತ್ತಿತ್ತು. ಅವಳನ್ನು ಈ ಕಡೆಗೆ ವರ್ಗ ಮಾಡಿಸಿ ಅಂತ ಇಲಾಖೆಗೆ ಅರ್ಜಿ ಹಾಕುವುದೇ ನನ್ನ ಇನ್ನೊಂದು ಉದ್ಯೋಗವಾಗಿತ್ತು. ನಮ್ಮ ಭಾಷೆಯ ಚೇಷ್ಟೆ ನೋಡಿ, ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೂ ವರ್ಗ, ನೌಕರರನ್ನು ಊರಿಂದೂರಿಗೆ ಎತ್ತಿಹಾಕಿದರೂ ವರ್ಗ. ನನ್ನ ಪಾಡೆಲ್ಲ ಈ ಒಂದು ಮಾತಿನ ಮೇಲೆ ನಿಂತಿತ್ತು.

ಎಕ್ಸ್ ಬೆಲೆ

ಮುಂದಿನ ಬೆಂಚಿನಲ್ಲಿ ದಂಡಿನಶಿವರದವನೊಬ್ಬ ಕೂರುತ್ತಿದ್ದ. ಮನೆಯಲ್ಲಿ ತೆಂಗಿನ ತೋಟ, ಅಪ್ಪನ ಜೊತೆ ತಿಪಟೂರಿನ ಕೊಬ್ಬರಿ ಹರಾಜಿಗೆ ಹೋಗಿ ಬಂದು ಅಭ್ಯಾಸ. ಮೊದಲ ದಿನದ ಲೆಕ್ಕದಲ್ಲಿ ಎಕ್ಸ್ ಬೆಲೆ ಐದು ಬಂತು. ಬರೆದುಕೊಂಡ. ಮಾರನೇ ದಿನದ ಲೆಕ್ಕದಲ್ಲಿ ಮೈನಸ್ ಮೂರು ಬಂತು. ಪೆನ್ನು ಕೆಳಗಿಟ್ಟ.

"ನಿನ್ನೆ ಐದಿತ್ತಲ್ಲ ಸಾರ್."

"ಅದು ನಿನ್ನೆಯ ಲೆಕ್ಕ ಕಣಯ್ಯ. ಲೆಕ್ಕ ಬೇರೆಯಾದರೆ ಬೆಲೆಯೂ ಬೇರೆ."

"ಬ್ಯಾರೆ ಆಗ್ಲಿ ಸಾರ್, ಆದ್ರೆ ಒಂದೇ ದಿನಕ್ಕೆ ಐದರಿಂದ ಮೈನಸ್ ಮೂರಕ್ಕಾ? ತಿಪಟೂರಲ್ಲಿ ಕೊಬ್ಬರಿನೇ ಹಿಂಗೆ ಬಿದ್ದಿಲ್ಲ."

ನಾನು ತಾಳ್ಮೆಯಿಂದ ಹೇಳಿದೆ. ಎಕ್ಸ್ ಅಂದರೆ ಇನ್ನೂ ಗೊತ್ತಿಲ್ಲದ್ದು. ಅದು ಎಷ್ಟು ಅಂತ ಮೊದಲೇ ಹಟ ಹಿಡಿಯಬಾರದು, ಮಾಡುವ ಕೆಲಸ ಮಾಡಿಕೊಂಡು ಹೋಗಬೇಕು, ಕೊನೆಗೆ ಅದೇ ಗೊತ್ತಾಗುತ್ತದೆ. ಹೇಳುತ್ತಾ ಹೇಳುತ್ತಾ ನನಗೆ ನಾನೇ ಬುದ್ಧಿ ಹೇಳಿಕೊಂಡ ಹಾಗಾಯಿತು. ಅವನು ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದ.

"ಹಂಗಾದ್ರೆ ಈಗ್ಲೇ ಬ್ಯಾಡ ಬುಡಿ ಸಾರ್. ಬೆಲೆ ಏರೋಗಂಟ ಎಕ್ಸನ್ನೂ ಕೊಬ್ಬರಿ ಜೊತೆಗೆ ಅಟ್ಟದ ಮ್ಯಾಲೆ ಹಾಕಿಕ್ಕಣ."

ವರ್ಗಮೂಲ

ಒಂದು ಬೆಳಿಗ್ಗೆ ಬೋರ್ಡಿನ ಕಡೆ ಮುಖ ಮಾಡಿ ಹನ್ನೆರಡರ ವರ್ಗ ಬರೆಯುತ್ತಿದ್ದೆ. ಬಾಗಿಲಲ್ಲಿ ಜವಾನ ಟಪಾಲು ಹಿಡಿದುಕೊಂಡು ನಿಂತದ್ದು ಕಣ್ಣಿಗೆ ಬಿತ್ತು. ಕ್ಲಾಸು ಮರೆತೇಹೋಯಿತು.

"ವರ್ಗ ಬಂತೇನಯ್ಯಾ?" ಅಂದೆ.

"ಇಲ್ಲ ಸಾರ್, ಸುಣ್ಣದ ಬಿಲ್ಲು ಬಂದೈತೆ," ಅಂದ.

ಅವತ್ತಿನಿಂದ ರಿಪೇರಿ ಕ್ಲಾಸಿನಲ್ಲಿ ಗುಡ್ ಮಾರ್ನಿಂಗ್ ನಿಂತುಹೋಯಿತು. ನಾನು ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದ್ದು ನಿಂತು, "ವರ್ಗ ಆಯ್ತಾ ಸಾರ್?" ಅನ್ನುತ್ತಿದ್ದರು. ಅದರಲ್ಲಿ ಗೇಲಿ ಇರಲಿಲ್ಲ. ಇಲ್ಲಪ್ಪ ಅಂದರೆ ಪಾಪ, ಪೆಚ್ಚಾಗಿ ಕೂರುತ್ತಿದ್ದರು.

ಹೀಗಿರುವಾಗ ವರ್ಗಮೂಲದ ಪಾಠ ಬಂತು. "ವರ್ಗಮೂಲ ಅಂದರೇನು, ಯಾರು ಹೇಳ್ತೀರಿ?" ಅಂತ ಕೇಳಿದೆ. ಎಂದೂ ಬಾಯಿ ಬಿಡದ ಒಬ್ಬ ಹುಡುಗಿ ಎದ್ದು ನಿಂತಳು.

"ವರ್ಗಕ್ಕೆ ಮೂಲ ಯಾರೋ ಅವರು ಸಾರ್."

"ಯಾರಮ್ಮ ಅವರು?"

"ಎಮ್ಮೆಲ್ಲೆ ಸಾರ್."

ನಾನು ಚಾಕ್‌ಪೀಸು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿ ನಗು ಮುಗಿಸಿಕೊಂಡು ಎದ್ದೆ. ಮತ್ತೆ ಪಾಠ ಮುಂದುವರಿಸಿ, ಒಂಬತ್ತಕ್ಕೆ ವರ್ಗಮೂಲ ಇದೆ, ಹದಿನಾರಕ್ಕಿದೆ, ಆದರೆ ಮೈನಸ್ ಒಂಬತ್ತಕ್ಕೆ ನಮ್ಮ ಲೆಕ್ಕದಲ್ಲಿ ವರ್ಗಮೂಲವೇ ಇಲ್ಲ ಅಂತ ವಿವರಿಸಿದೆ. ಹಿಂದಿನ ಬೆಂಚಿನಿಂದ ಒಂದು ನಿಟ್ಟುಸಿರು ಕೇಳಿಸಿತು.

"ಅದುಕ್ಕೂ ನಮ್ ಸಾರ್ ತರ ಯಾರೂ ಗುರ್ತಿಲ್ಲ ಕಣ್ಲಾ."

ಪಕ್ಷಾಂತರ

ಸಮ ಚಿಹ್ನೆಯ ಎಡಗಡೆ ಒಂದು ಪಕ್ಷ, ಬಲಗಡೆ ಇನ್ನೊಂದು ಪಕ್ಷ. ಒಂದು ಪದವನ್ನು ಈ ಕಡೆಯಿಂದ ಆ ಕಡೆಗೆ ಒಯ್ದರೆ ಅದಕ್ಕೆ ಪಕ್ಷಾಂತರ ಅನ್ನುತ್ತೇವೆ. ಆಗ ಪ್ಲಸ್ ಇದ್ದದ್ದು ಮೈನಸ್ ಆಗುತ್ತದೆ. ಈ ಪಾಠ ಮುಗಿಸಿ ಒಂದು ಸಣ್ಣ ಟೆಸ್ಟ್ ಕೊಟ್ಟೆ. ಪಕ್ಷಾಂತರ ಮಾಡಿದಾಗ ಚಿಹ್ನೆ ಬದಲಾಗುವುದೇಕೆ ಎಂಬುದು ಒಂದು ಪ್ರಶ್ನೆ. ಹಂದನಕೆರೆಯವನೊಬ್ಬ ದುಂಡಗೆ ಬರೆದಿದ್ದ: "ಪಕ್ಷ ಬಿಟ್ಟು ಹೋದವರಿಗೆ ಹಳೇ ಪಕ್ಷದವರು ಚಿಹ್ನೆ ಕೊಡುವುದಿಲ್ಲ. ಆದ್ದರಿಂದ ಬೇರೆ ಚಿಹ್ನೆಯಲ್ಲಿ ನಿಲ್ಲಬೇಕಾಗುತ್ತದೆ."

ತಪ್ಪು ಅನ್ನಲು ಮನಸ್ಸು ಬರಲಿಲ್ಲ. ಅರ್ಧ ಮಾರ್ಕು ಕೊಟ್ಟೆ. ಅವನು ಮಿಕ್ಕ ಅರ್ಧಕ್ಕೆ ಜಗಳಕ್ಕೆ ಬಂದ, ಅದು ಬೇರೆ ಮಾತು.

ಆ ಹೊತ್ತಿಗೆ ನನಗೂ ಕಾದು ಕಾದು ಸಾಕಾಗಿತ್ತು. ಅವಳು ಬರುವುದು ಆಗದಿದ್ದರೆ ನಾನೇ ಬೀದರಿಗೆ ಹೋಗಿಬಿಡಲೇ ಅಂತ ಯೋಚನೆ ಬರುತ್ತಿತ್ತು. ಅಲ್ಲಿಯ ಬಿಸಿಲು, ಅಲ್ಲಿಯ ಜೋಳದ ರೊಟ್ಟಿ, ಸಂಜೆ ಸ್ಕೂಲಿನಿಂದ ಬರುವ ಅವಳಿಗಾಗಿ ಹೊಸ್ತಿಲಲ್ಲಿ ಕೂತಿರುವ ನಾನು, ಹೀಗೆಲ್ಲ ಕನಸು. ಹೇಗೆ ಗೊತ್ತಾಯಿತೋ ಕಾಣೆ, ಕ್ಲಾಸಿನಲ್ಲಿ ಆ ಚರ್ಚೆ ನನಗಿಂತ ಮುಂಚೆಯೇ ಶುರುವಾಗಿತ್ತು. ನಾನು ಬಾಗಿಲ ಬಳಿ ಬಂದಾಗ ದಂಡಿನಶಿವರದವನ ದನಿ ಕೇಳಿಸಿತು.

"ಮೇಡಂ ಈ ಕಡೀಕೆ ಬರದಿದ್ರೆ ಸಾರೇ ಆ ಕಡೀಕೆ ಹೋಗಬೌದಲ್ಲೇನ್ಲಾ?"

ಹಂದನಕೆರೆಯವನು ಪಾಠವನ್ನು ಪೂರ್ತಿ ಅರಗಿಸಿಕೊಂಡಿದ್ದ.

"ದಾಟಿದ್ರೆ ಮೈನಸ್ಸಾಯ್ತಾರೆ ಕಣ್ಲಾ. ಇಲ್ಲಿ ಲೆಕ್ಚರರು. ಅಲ್ಲೋದ್ರೆ ಟೀಚರಮ್ಮನ ಗಂಡ."

ಅಳತೆ

ಬಸ್ ಸ್ಟ್ಯಾಂಡಿನ ಎದುರಿನ ಟೈಲರ್ ಅಂಗಡಿಯವರ ಮಗನೂ ರಿಪೇರಿಗೆ ಬರುತ್ತಿದ್ದ. ಬೆಳಿಗ್ಗೆ ಬೀಜಗಣಿತ, ಆಮೇಲೆ ಹೊಲಿಗೆ. ಅವನಿಗೆ ನನ್ನ ಕೆಲಸದ ಬಗ್ಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ.

"ನಿನ್ನೆ ಬ್ರಾಕೆಟ್ ಬಿಚ್ಚಿ ಅಂದ್ರಿ, ಬಿಚ್ಚಿದ್ವಿ. ಇವತ್ತು ಅದನ್ನೇ ವಾಪಸ್ ಬ್ರಾಕೆಟ್‌ಗೆ ಹಾಕಿ ಅಂತೀರ. ಹೊಲಿದಿದ್ದು ಬಿಚ್ಚೋದು, ಬಿಚ್ಚಿದ್ದು ಹೊಲಿಯೋದು. ಹಿಂಗೆ ಮಾಡಿದ್ರೆ ನಮ್ಮ ಅಬ್ಬಾ ಅಂಗಡಿಯಿಂದ ಆಚೆ ಹಾಕ್ತಾರೆ ಸಾರ್."

ದಸರೆ ಹತ್ತಿರ ಬಂದಿತ್ತು. ತಿಪಟೂರಿಗೆ ಹೋದಾಗ ಎಳೇ ತೆಂಗಿನ ಗರಿಯ ಬಣ್ಣದ ರವಿಕೆ ಬಟ್ಟೆಯೊಂದು ಇಷ್ಟವಾಗಿ ತಂದಿದ್ದೆ. ಹೊಲಿಸಿಟ್ಟು, ಅವಳು ಬಂದಿಳಿದ ದಿನವೇ ಕೊಡಬೇಕು ಅಂತ ಆಸೆ. ಸಂಜೆ ಅಂಗಡಿಗೆ ಹೋದೆ. ಶಿಷ್ಯ ಬಟ್ಟೆ ಬಿಡಿಸಿ ನೋಡಿ ಮೆಚ್ಚಿಕೊಂಡ.

"ಅಳತೆ ಬ್ಲೌಸ್ ಕೊಡಿ ಸಾರ್."

"ಅದೆಲ್ಲ ಬೀದರಲ್ಲಿದೆ."

"ಹೋಗ್ಲಿ, ಬಾಯಲ್ಲಿ ಹೇಳಿ. ತೋಳು ಎಷ್ಟು, ಭುಜ ಎಷ್ಟು?"

ಎರಡು ಕೈ ಎತ್ತಿ ಗಾಳಿಯಲ್ಲಿ ಇಷ್ಟು ಅಂತ ತೋರಿಸಲು ಹೋದೆ. ಕೈ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯಲಿಲ್ಲ. ಅವಳ ದನಿ ಕಿವಿಯಲ್ಲಿತ್ತು, ಮಾತಿನ ನಡುವೆ ಕನ್ನಡಕ ಮೇಲೆ ತಳ್ಳಿಕೊಳ್ಳುವುದು ಕಣ್ಣಿಗೆ ಕಟ್ಟಿತ್ತು. ಭುಜದ ಅಗಲ ಮಾತ್ರ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ನೋಡಿದಾಗ ಸೊರಗಿದ್ದಳು, ಈಗ ಹೇಗಿದ್ದಾಳೋ. ಕಟ್ಟಿಕೊಂಡ ಹೆಂಡತಿಯ ಅಳತೆ ಗೊತ್ತಿಲ್ಲವಲ್ಲ ಅಂತ ಅವತ್ತು ತುಂಬಾ ದುಃಖವಾಯಿತು. ಅದನ್ನು ಮುಚ್ಚಿಕೊಳ್ಳಲು, "ಸದ್ಯಕ್ಕೆ ಎಕ್ಸ್ ಅಂತ ಇಟ್ಟುಕೊಳ್ಳಪ್ಪ," ಅಂದೆ.

ಅವನು ಬಟ್ಟೆಯನ್ನು ಮೊದಲಿದ್ದ ಹಾಗೆಯೇ ಮಡಿಸಿ ನನ್ನ ಕೈಗೆ ಕೊಟ್ಟ.

"ಎಕ್ಸ್ ಇಟ್ಕೊಂಡು ಪಾಠ ಮಾಡ್ಬಹುದು ಸಾರ್, ಕತ್ತರಿ ಹಾಕೋಕಾಗಲ್ಲ. ಮೇಡಂ ಬರ್ಲಿ."

ನಡುವೆ ಬರಬೇಕಾದದ್ದು

ಎ ಪ್ಲಸ್ ಬಿ, ಎರಡನ್ನೂ ಒಂದೇ ಬ್ರಾಕೆಟ್‌ನಲ್ಲಿ ಹಾಕಿ ವರ್ಗ ಮಾಡಿದರೆ ಎ ವರ್ಗ ಬರುತ್ತದೆ, ಬಿ ವರ್ಗ ಬರುತ್ತದೆ, ಇವೆರಡರ ನಡುವೆ ಎರಡು ಎಬಿ ಅಂತ ಇನ್ನೊಂದು ಬರುತ್ತದೆ. ಆ ಎರಡು ಎಬಿಯನ್ನು ರಿಪೇರಿ ಕ್ಲಾಸಿನಲ್ಲಿ ಯಾರೂ ಬರೆದವರಲ್ಲ. ಎ ವರ್ಗ ಪ್ಲಸ್ ಬಿ ವರ್ಗ ಅಂತ ಬರೆದು ಗೆರೆ ಎಳೆದು ಕೈ ಕಟ್ಟಿ ಕೂರುತ್ತಿದ್ದರು. ಬೈದೆ, ರಮಿಸಿದೆ, ಬೋರ್ಡಿನ ಮೇಲೆ ಚೌಕ ಬರೆದು ತೋರಿಸಿದೆ. ಏನೂ ಪ್ರಯೋಜನವಾಗಲಿಲ್ಲ.

ಹೀಗಿರುವಾಗ ಬೆಂಗಳೂರಿನಿಂದ ಇಲಾಖೆಯ ದೊಡ್ಡ ಸಾಹೇಬರು ತನಿಖೆಗೆ ಬಂದರು. ಬೆಳಿಗ್ಗೆಯೇ ಬಂದುಬಿಟ್ಟರು. ಆ ಹೊತ್ತಿಗೆ ನಡೆಯುತ್ತಿದ್ದದ್ದು ನನ್ನ ಕ್ಲಾಸು ಒಂದೇ. ಹಿಂದೆ ಪ್ರಿನ್ಸಿಪಾಲರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಾ ಬಂದರು. ಸಾಹೇಬರು ಬೇರೆ ಎಲ್ಲರನ್ನೂ ಬಿಟ್ಟು ದಂಡಿನಶಿವರದವನನ್ನೇ ಬೋರ್ಡಿಗೆ ಕರೆದು, ಎ ಪ್ಲಸ್ ಬಿ ವರ್ಗವನ್ನೇ ಕೇಳಿದರು. ಅವನು ಎ ವರ್ಗ ಪ್ಲಸ್ ಬಿ ವರ್ಗ ಅಂತ ಬರೆದು ಚಾಕ್‌ಪೀಸು ಇಟ್ಟ.

"ನಡುವೆ ಏನೋ ಬರಬೇಕಲ್ಲಪ್ಪ, ಯೋಚನೆ ಮಾಡು," ಅಂದರು ಸಾಹೇಬರು, ಮೆತ್ತಗೆ.

ಅವನು ಬೋರ್ಡ್ ನೋಡಿದ. ನನ್ನನ್ನು ನೋಡಿದ.

"ಏನೂ ಬರಲ್ಲ ಸಾರ್."

"ಯಾಕೆ ಬರಲ್ಲ?"

"ಎ ಇಲ್ಲವ್ರೆ. ಬಿ ಬೀದರಲ್ಲವ್ರೆ. ಬ್ಯಾರೆ ಬ್ಯಾರೆ ವರ್ಗ ಮಾಡಿಕ್ಕಿದ್ರೆ ನಡುವೆ ಏನ್ ಹುಟ್ಟತೈತೆ ಸಾರ್?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪ್ರಿನ್ಸಿಪಾಲರು ಕೆಮ್ಮಿದರು. ಸಾಹೇಬರು ಏನೂ ಅರ್ಥವಾಗದೆ, "ಯಾರಯ್ಯಾ ಎ?" ಅಂದರು. ಇಡೀ ಕ್ಲಾಸು ಬೆರಳು ಮಾಡಿ ನನ್ನನ್ನು ತೋರಿಸಿತು. ಆಮೇಲೆ ಆಫೀಸು ರೂಮಿನಲ್ಲಿ ನನ್ನನ್ನು ಕೂರಿಸಿಕೊಂಡು ಎಲ್ಲ ಕೇಳಿದರು. ನಗಲಿಲ್ಲ. ಹೊರಡುವಾಗ, "ಈ ಲೆಕ್ಕ ನಾನು ಮಾಡ್ತೀನಿ ಬಿಡಿ," ಅಂದರು.

ದಂಡಿನಶಿವರದವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಡುವೆ ಏನೂ ಹುಟ್ಟಿರಲಿಲ್ಲ ಎಂಬುದು ನಿಜವೇ ತಾನೆ. ನಮಗೆ ಮಗು ಬೇಕಿತ್ತು. ರಜ ಮುಗಿಸಿ ಹೊರಡುವಾಗೆಲ್ಲ ಅವಳು ಬಸ್ಸಿನ ಕಿಟಕಿಯಲ್ಲಿ ಮುಖ ತಿರುಗಿಸಿಕೊಂಡು ಕೂರುತ್ತಿದ್ದದ್ದು ಅದಕ್ಕೇ. ನಾವಿಬ್ಬರೂ ಆ ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಆರ್ಡರ್ ಬಂತು. ಪ್ರಿನ್ಸಿಪಾಲರು ಓದಿ ಹೇಳಿದರು. ಅವಳಿಗೆ ವರ್ಗವಾಗಿತ್ತು, ಚಾಮರಾಜನಗರದ ಕಡೆಗೆ. ಅದೇ ಆರ್ಡರಿನಲ್ಲಿ ನನಗೂ ವರ್ಗವಾಗಿತ್ತು, ಅದೇ ಊರಿಗೆ. ಸಂತೋಷಕ್ಕೆ ಅಳು ಬಂತು. ಆಮೇಲೆ ಬರೀ ಅಳುವೇ ಉಳಿಯಿತು. ಅವಳು ಇದೇ ಊರಲ್ಲಿ ಇರಬೇಕು, ದಿನಾ ಸಂಜೆ ತೋಟದ ಸಾಲಿನಲ್ಲಿ ಜೊತೆಗೆ ನಡೆಯಬೇಕು, ಇದೇ ನನ್ನ ರಿಪೇರಿ ಕ್ಲಾಸು ಅಂತ ಕಿಟಕಿಯಿಂದ ತೋರಿಸಬೇಕು ಅಂತ ಎಷ್ಟೆಲ್ಲ ಅಂದುಕೊಂಡಿದ್ದೆ. ಈಗಲೂ ಎಲ್ಲಾದರೂ ಕೊಬ್ಬರಿಯ ವಾಸನೆ ಬಂದರೆ ನನಗೆ ಆ ಊರು ಬೇಕೆನಿಸುತ್ತದೆ.

ಕಿಬ್ಬನಹಳ್ಳಿಯಲ್ಲಿ ಮೈಸೂರು ಬಸ್ಸು ಹತ್ತಿಸಲು ಕ್ಲಾಸಿಗೆ ಕ್ಲಾಸೇ ಬಂದಿತ್ತು. ದಂಡಿನಶಿವರದವನು ಒಂದು ಚೀಲ ಕಾಯಿಯನ್ನು ಬಸ್ಸಿನ ಮೇಲೆ ಹಾಕಿ ಕೆಳಗಿಳಿದ. ಕಿಟಕಿಯಿಂದ ಅವನ ಕೈ ಹಿಡಿದುಕೊಂಡೆ.

"ಅವಳನ್ನ ಇಲ್ಲಿಗೆ ಕರೆಸಿ ಅಂತ ನಾನು ಕೇಳಿದ್ದು ಕಣಯ್ಯ. ನನ್ನನ್ನೂ ಎತ್ತಿಬಿಟ್ಟರಲ್ಲ."

"ಸಾಹೇಬ್ರದ್ದೇ ಸರಿ ಬುಡಿ ಸಾರ್," ಅಂದ. ಅವನ ಕಣ್ಣೂ ಒದ್ದೆಯಾಗಿತ್ತು. "ನಾನು ಬ್ರಾಕೆಟ್ ಮರೆತಿದ್ದೆ. ಅವ್ರು ಇಬ್ರುನ್ನೂ ಒಂದೇ ಬ್ರಾಕೆಟ್ಟಿಗೆ ಹಾಕಿ ವರ್ಗ ಮಾಡವ್ರೆ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಅವನು ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿ ಬಂದು, ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನನ್ನ ಮುಖ ನೋಡುವ ಹಾಗೆ ಕೂಗಿ ಹೇಳಿದ.

"ನಡುವೆ ಎರಡು ಎಬಿ ಬತ್ತೈತೆ ಅಂತಿದ್ರಲ್ಲ ಸಾರ್, ಇನ್ನ ಅದು ನಿಮ್ಮ ಕೆಲಸ."