ಮಧ್ಯಾಹ್ನಕ್ಕೆ ಸರಿಯಾಗಿ ಕಾಡುಕೋಣ

ಮಾತು ಜಾರಿದ್ದು ಪ್ಲಮ್ ಸಾರಾಯಿಯ ಎರಡನೆಯ ಗ್ಲಾಸಿನಲ್ಲಿ. "ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಕಾಡುಕೋಣಗಳು ಮೇಲಿನ ಬಯಲಿನ ಬುಗ್ಗೆ ಹತ್ರ ಇರ್ತವೆ, ನೂರಕ್ಕೆ ತೊಂಬತ್ತು ಪಾಲು" ಎಂದುಬಿಟ್ಟ ಟಿಬೇರಿಯು. ಎದುರಿಗೆ ಕೂತಿದ್ದ ಮೇಯರ್ ಗವ್ರಿಲನಿಗೆ ಮಾತಿನ ಮೊದಲರ್ಧ ಮಾತ್ರ ಕೇಳಿಸಿತು. ನೂರು, ತೊಂಬತ್ತು ಎಲ್ಲ ಗ್ಲಾಸಿನ ತಳಕ್ಕೆ ಹೋಯಿತು.

ಟಿಬೇರಿಯು ಕ್ಲೂಜ್ ಪಟ್ಟಣದ ಗಣಿತದವನು. ಕಾರ್ಪೇಥಿಯನ್ ಬೆಟ್ಟದ ಆ ಕಾಡಿನಿಂದ ಮುತ್ತಜ್ಜಂದಿರ ಕಾಲಕ್ಕೇ ಅಳಿದುಹೋಗಿದ್ದ ಕಾಡುಕೋಣಗಳನ್ನು, ಅಂದರೆ ಯೂರೋಪಿನ ಬೈಸನ್‌ಗಳನ್ನು, ಬೇರೆ ಕಡೆಯಿಂದ ತಂದು ಬಿಟ್ಟಿದ್ದರು. ಅವು ಮೇದು, ತುಳಿದು, ಪೊದೆ ಮುರಿದು ಕಾಡನ್ನು ಮತ್ತೆ ಕಾಡು ಮಾಡಬೇಕಿತ್ತು. ಹಿಂಡು ಎಲ್ಲಿಗೆ ಹೋಗುತ್ತದೆ, ಎಷ್ಟು ಕೋಣಗಳನ್ನು ಈ ಕಾಡು ಸಾಕಬಲ್ಲದು ಎಂದು ಲೆಕ್ಕ ಹಾಕುವುದು ಟಿಬೇರಿಯುವಿನ ಕೆಲಸ. ಹಿಂಡಿನ ಮುಂದಾಳು ಹೆಣ್ಣಿನ ಕೊರಳಿಗೆ ಒಂದು ಪಟ್ಟಿ ಕಟ್ಟಿದ್ದರು. ಅದು ಕಳಿಸುವ ಸುಳಿವನ್ನು ಅವನು ದೋಸೆ ಹಿಟ್ಟಿನಂತೆ ಸಮೀಕರಣದಲ್ಲಿ ರುಬ್ಬಿ ರುಬ್ಬಿ ನಕ್ಷೆ ತೆಗೆಯುತ್ತಿದ್ದ. ಕೋಣಗಳನ್ನು ಕಣ್ಣಾರೆ ಕಂಡದ್ದು ಲಾರಿಯಿಂದ ಇಳಿಸಿದ ದಿನ ಮಾತ್ರ. ಆದರೂ ಅವುಗಳ ಮೇಲೆ ಹೆತ್ತವನ ಮಮತೆ.

ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದ ತುಂಬ ಜನ. ಮುಂದೆ ಗವ್ರಿಲ.

"ಮೇಷ್ಟ್ರೇ, ಹೊರಡಿ. ರಾಜಧಾನಿಯ ಅರಣ್ಯ ಇಲಾಖೆಯಿಂದ ಝಂಫಿರ್ ಮೇಡಂ ಬಂದಿದ್ದಾರೆ. ಈ ಕೋಣಗಳ ಮೇಲೆ ನಂಬಿಕೆ ಬರಲಿಲ್ಲ ಅಂದ್ರೆ ಎಲ್ಲಾನೂ ಹಿಡಿದು ವಾಪಸ್ ಬೇಲಿಯೊಳಗೆ ಹಾಕಿಸ್ತಾರಂತೆ. ಹನ್ನೆರಡಕ್ಕೆ ತೋರಿಸ್ತೀವಿ ಅಂತ ಮಾತು ಕೊಟ್ಟಾಯ್ತು."

"ತೋರಿಸೋಕೆ ಅದೇನು ಕೊಟ್ಟಿಗೇಲಿ ಕಟ್ಟಿದೆಯಾ ಗವ್ರಿಲಣ್ಣ? ನಾನು ಹೇಳಿದ್ದು ಬರೀ ಸಾಧ್ಯತೆ."

"ನಿನ್ನೆ ಸಾಧ್ಯತೆ, ಇವತ್ತು ಕಾರ್ಯಕ್ರಮ. ನನ್ನ ಹೆಂಡ್ತಿ ಕೋಸಿನೆಲೆ ಸುತ್ತಿ ಸರ್ಮಾಲೆ ಬೇಯಿಸಿದ್ದಾಳೆ, ತುತ್ತೂರಿಯವನಿಗೂ ಹೇಳಿದೀನಿ."

ಪಾದ್ರಿ ನಿಕಿಫೋರ್ ಗಡ್ಡ ನೀವುತ್ತ ಹತ್ತಿರ ಬಂದರು. "ಹೆದರಬೇಡ ಮಗಾ. ಆ ತೊಂಬತ್ತು ನೀನು ನೋಡ್ಕೋ, ಉಳಿದ ಹತ್ತಕ್ಕೆ ನಾನು ಪ್ರಾರ್ಥನೆ ಮಾಡ್ತೀನಿ."

"ಅದು ಹಾಗೆ ಹಂಚ್ಕೊಳ್ಳೋ ಲೆಕ್ಕ ಅಲ್ಲ ಪಾದ್ರಿಗಳೇ."

"ಯಾವ ಲೆಕ್ಕಾನೂ ಹಂಚ್ಕೊಂಡ್ರೆ ಹಗುರ."

ಮೆರವಣಿಗೆ ಬೆಟ್ಟ ಹತ್ತಿತು. ಝಂಫಿರ್ ಮೇಡಂ ಪಟ್ಟಣದ ಬೂಟಿನಲ್ಲಿ ಬಂದಿದ್ದರು. ಕೆಸರು ಹೆಜ್ಜೆಗೊಮ್ಮೆ ಅದನ್ನು ತನ್ನದೆಂದು ಎಳೆದುಕೊಳ್ಳುತ್ತಿತ್ತು. ಟಿಬೇರಿಯು ಎಲ್ಲರ ಕಾಲಿಗೂ ಬೀಳುವವನಂತೆ, "ಸದ್ದು ಮಾಡಬೇಡಿ" ಎಂದು ಬೇಡುತ್ತ ನಡೆದ. ಫೋನಿನ ನಕ್ಷೆಯಲ್ಲಿ ಕೊರಳಪಟ್ಟಿಯ ಚುಕ್ಕೆ ನಿಧಾನವಾಗಿ ಬುಗ್ಗೆಯತ್ತ ಸರಿಯುತ್ತಿತ್ತು. ಅವನ ಎದೆ ಉಬ್ಬಿತು.

ಕೆಳಗಡೆ ಇಗರ್ಜಿಯ ಗಂಟೆ ಹನ್ನೆರಡು ಹೊಡೆಯಿತು. ಪೊದೆ ಅಲುಗಿತು. ಬೂದು ಬೆನ್ನೊಂದು ಕಂಡಿತು. ಗವ್ರಿಲ ಕೈಸನ್ನೆ ಮಾಡಿಬಿಟ್ಟ. ತುತ್ತೂರಿ ಮೊಳಗಿತು.

ಪೊದೆಯೊಳಗಿಂದ ಅಷ್ಟೇ ಗಟ್ಟಿಯಾಗಿ ಉತ್ತರ ಬಂತು. ಕಾಡುಕೋಣ ಹಾಗೆ ಕೂಗುವುದಿಲ್ಲ. ಹೊರಗೆ ಬಂದದ್ದು ಕತ್ತೆ. ಕೊರಳಲ್ಲಿ ಪಟ್ಟಿ. ಹಿಂದೆ ಕುರುಬ ಪಾಂಟೆಲಿಮೋನ್.

"ಯಾರ್ರೀ ಅದು, ನೀರು ಕುಡಿಯೋ ಹೊತ್ನಲ್ಲಿ ನನ್ನ ಕತ್ತೆ ಹೆದರಿಸೋರು?"

"ಆ ಪಟ್ಟಿ..." ಟಿಬೇರಿಯು ಕತ್ತೆಯ ಕೊರಳತ್ತ ಕೈ ತೋರಿಸಿದ.

"ಇದಾ? ವಸಂತದಲ್ಲಿ ಹಳ್ಳದ ಹತ್ರ ಬಿದ್ದಿತ್ತು. ಗಟ್ಟಿ ಮಾಲು, ಸುಮ್ನೆ ಯಾಕೆ ಹಾಳಾಗಬೇಕು ಅಂತ ಇವನಿಗೆ ಕಟ್ಟಿದೆ. ಒಪ್ಪುತ್ತೆ ಅಲ್ವಾ?"

ಭಾನುವಾರಗಳಂದು ಕಾಡುಕೋಣಗಳು ಇಗರ್ಜಿಯತ್ತ ಸೆಳೆಯಲ್ಪಡುತ್ತವೆ ಎಂದು ಟಿಬೇರಿಯು ದೊಡ್ಡದೊಂದು ಪ್ರಬಂಧವನ್ನೇ ಪ್ರಕಟಿಸಿದ್ದ. "ಭಾನುವಾರ ಇದನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀಯ?" ಎಂದು ಸಣ್ಣ ದನಿಯಲ್ಲಿ ಕೇಳಿದ.

"ಇಗರ್ಜಿ ಪೂಜೆಗೆ ಇವನ ಮೇಲೆ ತಾನೇ ನಾನು ಬರೋದು. ಆಮೇಲೆ ಸಾರಾಯಿ ಅಂಗಡಿಗೆ."

ಪ್ರಬಂಧದಲ್ಲಿ ಅದೂ ಇತ್ತು, 'ಸಂಜೆಯ ದೀರ್ಘ ವಿಶ್ರಾಂತಿ' ಎಂದು.

ಝಂಫಿರ್ ಮೇಡಂ ಕಲ್ಲಿನ ಮೇಲೆ ಕೂತು ಬೂಟಿನೊಳಗಿನ ಹರಳು ಕೊಡವಿದರು. "ಹಾಗಾದ್ರೆ ನಿಜವಾದ ಕೋಣಗಳು ಎಲ್ಲಿವೆ?"

ಗವ್ರಿಲ ಮೆಲ್ಲಗೆ ತುತ್ತೂರಿಯವನ ಹಿಂದೆ ಸರಿದ.

"ಯಾರ ತೋಟಕ್ಕಾದ್ರೂ ನುಗ್ಗಿದ್ವಾ? ಯಾರಾದ್ರೂ ನೋಡಿದ್ರಾ?" ಎಂದು ಮೇಡಂ ಜನರತ್ತ ತಿರುಗಿದರು.

"ಸಗಣಿ ನೋಡಿದೀನಿ, ಹಸಿ ಸಗಣಿ. ಪ್ರಾಣಿ ನೋಡಿಲ್ಲ" ಎಂದ ಪಾಂಟೆಲಿಮೋನ್.

ಟಿಬೇರಿಯು ಕಣ್ಣು ಮುಚ್ಚಿಕೊಂಡ. ಬೇಲಿಯೊಳಗೆ ತಲೆ ತಗ್ಗಿಸಿ ನಿಂತ ಹಿಂಡು ಅವನಿಗೆ ಕಂಡೇಬಿಟ್ಟಿತು. "ಮೇಡಂ, ತಪ್ಪು ನಂದು, ಅವುಗಳದ್ದಲ್ಲ. ದಯವಿಟ್ಟು ಹಿಡಿಸಬೇಡಿ" ಎಂದ.

ಮೇಡಂ ನಗಲು ಶುರುಮಾಡಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಹಿಡಿಸೋದಾ? ಯಾರ ಕಣ್ಣಿಗೂ ಬೀಳದೆ, ಯಾರಿಗೂ ತೊಂದರೆ ಕೊಡದೆ ಬದುಕಿವೆ. ಕಾಡುಪ್ರಾಣಿ ಅಂದ್ರೆ ಇದೇ ಅಲ್ವೇನ್ರಿ? ಇನ್ನೊಂದು ಹಿಂಡು ಕಳಿಸ್ತೀವಿ."

ಜನ ಟೊಪ್ಪಿ ಹಾರಿಸಿದರು. ಹತ್ತು ಪಾಲು ಫಲಿಸಿತೆಂದು ಪಾದ್ರಿಗಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಟಿಬೇರಿಯುವಿಗೆ ಹೋದ ಜೀವ ಬಂತು.

"ನಿಮ್ಮ ಲೆಕ್ಕ ನಿಮಿಷಕ್ಕೆ ಸರಿಯಾಗಿತ್ತು, ಅದನ್ನ ಒಪ್ಕೋತೀನಿ" ಎಂದು ಮೇಡಂ ಅವನತ್ತ ತಿರುಗಿದರು. "ಆದ್ರೆ ನೋಡಿ, ಎಲ್ಲಿವೆ ಅಂತ ಗೊತ್ತಿಲ್ಲದೇನೆ ಎಲ್ಲ ಚೆನ್ನಾಗಿ ನಡೀತಿದೆ ಅಂದ್ಮೇಲೆ, ಅದನ್ನ ಹೇಳೋಕೆ ಒಬ್ಬರನ್ನ ಇಟ್ಕೊಳ್ಳೋದು ಯಾಕೆ?"

ಹೋಗಿ ಬಂದಿದ್ದ ಜೀವ ಮತ್ತೆ ಹೊರಟಿತು. ಮೂರರ ಬಸ್ಸಿಗೆ ಅವನೂ ಹೊರಟ. ಗವ್ರಿಲ ದಾರಿಗೆಂದು ಸರ್ಮಾಲೆ ಕಟ್ಟಿಕೊಟ್ಟು, "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ, ಕತ್ತೆ ಕಳೆದುಹೋದಾಗ ನಿಮಗೇ ಹೇಳಿಕಳಿಸ್ತೀವಿ" ಎಂದು ಸಮಾಧಾನ ಹೇಳಿದ.

ಎರಡನೇ ತಿರುವಿನಲ್ಲಿ ಬಸ್ಸು ಗಕ್ಕನೆ ನಿಂತಿತು. ರಸ್ತೆಯ ತುಂಬ ಕಾಡುಕೋಣಗಳು. ಮುಂದೆ ಬರಿಗೊರಳಿನ ಮುಂದಾಳು ಹೆಣ್ಣು, ಅದರ ಹೊಟ್ಟೆಯಡಿ ಕಂದುಬಣ್ಣದ ಪುಟ್ಟ ಕರು. ಟಿಬೇರಿಯು ಮಂಜು ಕಟ್ಟಿದ ಗಾಜಿಗೆ ಮೂಗೊತ್ತಿದ. ಹಾಗೆಯೇ ಮೇಡಂಗೆ ಫೋನು ಮಾಡಿದ.

"ಮೇಡಂ, ಸಿಕ್ಕಿದ್ವು. ನನ್ನ ಬಸ್ಸಿನ ಮುಂದೇನೇ ನಿಂತಿವೆ. ಕರು ಹಾಕಿದೆ ಮೇಡಂ."

"ಫೋಟೋ ಕಳಿಸಿ. ನಿಜವಾಗಿದ್ರೆ ಸೋಮವಾರ ಕೆಲಸಕ್ಕೆ ಬನ್ನಿ."

ಅವನು ಫೋನನ್ನು ಗಾಜಿಗೆ ಹಿಡಿಯುವುದಕ್ಕೂ ಡ್ರೈವರ್ ಹಾರ್ನ್ ಒತ್ತುವುದಕ್ಕೂ ಸರಿಹೋಯಿತು. ಹಿಂಡು ಬೀಚ್ ಮರಗಳ ನಡುವೆ ಕರಗಿಹೋಯಿತು. ಚಿತ್ರದಲ್ಲಿ ಬಂದದ್ದು ಮಂಜು, ಅದರ ನಡುವೆ ಒಂದಿಷ್ಟು ಹಿಂಭಾಗ, ಒಂದು ಬಾಲ. ದೇವರ ಮೇಲೆ ಭಾರ ಹಾಕಿ ಅದನ್ನೇ ಕಳಿಸಿದ.

ಉತ್ತರ ತಕ್ಷಣ ಬಂತು: "ಕತ್ತೆ ಮುದ್ದಾಗಿದೆ."